ಆರೋಗ್ಯದ ಗಾಡಿಯ ಧ್ವನಿವರ್ಧಕಕ್ಕೆ, ಹತ್ತಿಯವರ ಓಣಿಯಿಂದ

ಮಾನ್ಯ ಧ್ವನಿವರ್ಧಕ ಮಹಾಶಯರೇ,

ಆರೋಗ್ಯ ಇಲಾಖೆಯ ಬಿಳಿ ವ್ಯಾನಿನ ನೆತ್ತಿಯ ಮೇಲೆ ಹೂವಿನಂತೆ ಅರಳಿ ಕುಳಿತು, ಈ ಅಂಟುರೋಗ ಬಂದಾಗಿನಿಂದ ಒಂದು ಬೆಳಗನ್ನೂ ತಪ್ಪಿಸದೆ, ನಮ್ಮ ಮನೆಗಳಲ್ಲಿ ಚಹಾ ಕುದಿಯುವ ಮೊದಲೇ ಓಣಿಯ ಬಾಯಿಗೆ ಬಂದು ನಮ್ಮ ಒಳಿತನ್ನು ಅರಚಿ ಹೇಳುವ ತಮಗೆ ಅನಂತ ನಮಸ್ಕಾರಗಳು. ತಮ್ಮ ಗಂಟಲು ಕ್ಷೇಮವೆಂದು ನಂಬಿದ್ದೇನೆ. ಕ್ಷೇಮವಲ್ಲದಿದ್ದರೆ ಊರಿಗೆಲ್ಲ ಅಂದೇ ಗೊತ್ತಾಗುತ್ತಿತ್ತು. ಇತ್ತ ನಾವು, ಕಿವಿಗಳನ್ನು ಬಿಟ್ಟರೆ, ಎಲ್ಲರೂ ಸೌಖ್ಯ.

ಬರೆಯುತ್ತಿರುವವಳು ಯಾರೆಂದು ಹೇಳಿಬಿಡುತ್ತೇನೆ. ಹಾಸಿಗೆ, ದಿಂಬು, ರಜಾಯಿ ಹೊಲಿಯುವವರ ಓಣಿಯ ಕೊನೆಮನೆಯ ಮೊಮ್ಮಗಳು ನಾನು. ಒಂಬತ್ತನೇ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟೆ. ಕಾರಣ ಕೇಳಿದವರಿಗೆಲ್ಲ ಅಮ್ಮ 'ಮನೆಯಲ್ಲಿ ಕಷ್ಟ' ಎನ್ನುತ್ತಾಳೆ, ಆದರೆ ನಿಜವೇನೆಂದರೆ ನನಗೆ ಒಂದೇ ಬೆಂಚಿನ ಮೇಲೆ ಕೂರಲು ಆಗುತ್ತಿರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳಿಗೆ ಸೈಕಲ್ ಗಾಡಿ ಸಿಕ್ಕಿತು. ಹೊಲಿದು ಮುಗಿದ ಹಾಸಿಗೆಗಳನ್ನು ಅದರ ಮೇಲೆ ಹೇರಿಕೊಂಡು ಊರೆಲ್ಲ ತಲುಪಿಸುವುದು ಈಗ ನನ್ನ ಉದ್ಯೋಗ. ನಮ್ಮ ಮನೆಮಾತು ಬೇರೆ, ಊರ ಮಾತು ಬೇರೆ. ಅಜ್ಜಿಯ ಅಜ್ಜ ಇಲ್ಲಿಗೆ ಬಂದು ನೆಲೆಸಿದವನಾದರೂ ಊರಿನವರ ಬಾಯಲ್ಲಿ ನಾವು ಇನ್ನೂ 'ಆ ಹೊರಗಿನವರು'. ಅವರ ಬೆನ್ನು ಮಾತ್ರ ಪ್ರತಿ ರಾತ್ರಿ ನಮ್ಮ ಹತ್ತಿಯ ಮೇಲೇ ಒರಗುತ್ತದೆ.

ಮೊದಲು ತಮ್ಮ ಭಾಷೆಯನ್ನು ಹೊಗಳಬೇಕು. 'ನಾಗರಿಕ ಬಂಧುಗಳೇ, ಮುಖಗವಸನ್ನು ಕಡ್ಡಾಯವಾಗಿ ಧರಿಸುವುದರ ಮೂಲಕ ಸೋಂಕಿನ ಸರಪಳಿಯನ್ನು ತುಂಡರಿಸಿ' ಎಂದು ತಾವು ಮೊದಲ ದಿನ ಗರ್ಜಿಸಿದಾಗ ಓಣಿಯ ಹಿರಿಯರು ಚುನಾವಣೆ ಬಂತೆಂದು ಸಂತೋಷದಿಂದ ಹೊರಬಂದು, ಏನು ಹಂಚುತ್ತಾರೋ ಎಂದು ಸಾಲಾಗಿ ನಿಂತರು. ತಾವು ಏನನ್ನೂ ಹಂಚದೆ ಹೊರಟುಹೋದದ್ದರಿಂದ, ಈ ಪಕ್ಷ ಗೆಲ್ಲುವುದಿಲ್ಲವೆಂದು ಅವರೇ ತೀರ್ಮಾನಿಸಿ ಒಳಗೆ ಹೋದರು. ನಾನು ಬಿಡಿಸಿ ಹೇಳಬಹುದಾಗಿತ್ತು. ಆದರೆ ಸರಪಳಿ ಎಲ್ಲಿದೆ, ಅದನ್ನು ನಾವೇಕೆ ತುಂಡರಿಸಬೇಕು ಎಂಬುದು ನನಗೂ ಆಗ ಸರಿಯಾಗಿ ತಿಳಿದಿರಲಿಲ್ಲ.

ಇನ್ನು ಮುಖಗವಸಿನ ವಿಷಯ. ಮಹಾಶಯರೇ, ತಾವು ಹುಟ್ಟುವ ಮೊದಲೇ ನಮ್ಮ ಓಣಿಯಲ್ಲಿ ಎಲ್ಲರೂ ಮೂಗು ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. ಹತ್ತಿ ಹಿಂಜುವ ಕೋಣೆಗೆ ಒಮ್ಮೆ ಬಂದು ನೋಡಿ: ಕಿಟಕಿಯ ಬೆಳಕಿನಲ್ಲಿ ಎಳೆಗಳು ಹಾರುತ್ತಿರುತ್ತವೆ, ರೆಪ್ಪೆಯ ಮೇಲೆ, ಚಹಾದ ಲೋಟದಲ್ಲಿ, ಮಲಗಿದ ಬೆಕ್ಕಿನ ಮೀಸೆಯಲ್ಲಿ ಹತ್ತಿ. ಬಟ್ಟೆ ಕಟ್ಟದವನು ಸಂಜೆಯೊಳಗೆ ಕೆಮ್ಮಿ ಕೆಮ್ಮಿ ಸೋಲುತ್ತಾನೆ. ಆದರೆ ಯಾರಾದರೂ ಬಾಗಿಲಿಗೆ ಬಂದರೆ ನಾವು ಯಂತ್ರ ನಿಲ್ಲಿಸಿ, ಬಟ್ಟೆಯನ್ನು ಗದ್ದದ ಕೆಳಗೆ ಇಳಿಸಿ, ಆಮೇಲೆ ಮಾತಾಡುತ್ತೇವೆ. ಬಂದವರ ಎದುರು ಬಟ್ಟೆ ಕಟ್ಟಿಕೊಂಡೇ ಮಾತಾಡಿದರೆ 'ನಿನಗಿಂತ ನನಗೆ ನನ್ನ ಹತ್ತಿಯೇ ಹೆಚ್ಚು' ಎಂದು ಹೇಳಿದಂತೆ. ನಮ್ಮ ಮಕ್ಕಳು ನಡೆಯುವ ಮೊದಲೇ ಇದನ್ನು ಕಲಿಯುತ್ತಾರೆ.

ಇಂತಹ ಓಣಿಗೆ ತಮ್ಮ ಇಲಾಖೆಯ ಅಕ್ಕ ಒಬ್ಬರು ಲಸಿಕೆಯ ಸೂಜಿ ಹಾಕಲು ಬಂದರು. ಒಳ್ಳೆಯವರು, ಬಿಸಿಲಲ್ಲಿ ನಡೆದು ಬೆವೆತಿದ್ದರು. ಅವರನ್ನು ಕಂಡದ್ದೇ ತಡ, ತಮ್ಮ ಪಾಡಿಗೆ ಕೆಲಸ ಮಾಡುತ್ತ ಕಣ್ಣಿನವರೆಗೆ ಬಟ್ಟೆ ಕಟ್ಟಿಕೊಂಡಿದ್ದ ಜನರೆಲ್ಲ ಮರ್ಯಾದೆಯಿಂದ ಎದ್ದು ನಿಂತು ಬಟ್ಟೆ ಇಳಿಸಿದರು. ಅಕ್ಕ 'ಅಯ್ಯೋ, ಮಾಸ್ಕ್, ಮಾಸ್ಕ್' ಎಂದು ತಮ್ಮ ಮೂಗು ತೋರಿಸಿ ಕೂಗಿದರು. ನಮ್ಮ ಮರ್ಯಾದೆ ಸಾಲಲಿಲ್ಲವೇನೋ ಎಂದುಕೊಂಡ ಜನ ಇನ್ನಷ್ಟು ಕೆಳಗೆ ಎಳೆದರು. ದಿಂಬು ತುಂಬುವುದರಲ್ಲಿ ಎತ್ತಿದ ಕೈಯಾದ ನಮ್ಮ ದಿಂಬು ಮಾವನಂತೂ ಬಟ್ಟೆಯನ್ನು ಪೂರ್ತಿ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಇನ್ನೂ ಎರಡು ಹೆಜ್ಜೆ ಹತ್ತಿರ ಬಂದು, 'ಒಳಗೆ ಬಾ ತಾಯಿ, ನೀರು ಕುಡಿ' ಎಂದು ನಮ್ಮ ಮಾತಿನಲ್ಲಿ ಕರೆದ. ಅಕ್ಕ ಹಿಂದೆ ಹಿಂದೆ ಸರಿದು ಓಣಿಯಿಂದಲೇ ಹೊರಗೆ ಹೋದರು. ಅಂದು ನಾನು ಊರ ಆ ತುದಿಗೆ ಹಾಸಿಗೆ ಕೊಡಲು ಹೋಗಿದ್ದೆ; ಇದ್ದಿದ್ದರೆ ಎರಡೂ ಕಡೆಗೆ ಒಂದೊಂದು ಮಾತು ಹೇಳುತ್ತಿದ್ದೆ.

ಮರುದಿನ ತಾವು ಹೊಸ ಸಾಲೊಂದನ್ನು ಕಲಿತು ಬಂದಿರಿ: 'ಹತ್ತಿಯವರ ಓಣಿಯ ಜನ ಸಹಕರಿಸುತ್ತಿಲ್ಲ, ಸಾರ್ವಜನಿಕರು ಅತ್ತ ಹೋಗದೆ ಎಚ್ಚರಿಕೆ ವಹಿಸಿ.' ಎಂತಹ ಸ್ಪಷ್ಟ ಉಚ್ಚಾರಣೆ! ಅಲ್ಲಿಯವರೆಗೆ ತಮ್ಮ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳದ ಊರು ಈ ಒಂದನ್ನು ಮಾತ್ರ ವೇದವಾಕ್ಯದಂತೆ ಪಾಲಿಸಿತು. ನಾನು ಹಾಸಿಗೆ ಹೊತ್ತು ಹೋದರೆ ಮನೆಯೊಡತಿ ಮೇಲಿನ ಕಿಟಕಿಯಿಂದ, 'ಏ ಹುಡುಗಿ, ಅಲ್ಲೇ ನಿಲ್ಲು, ಎರಡು ದಿನ ಬಿಸಿಲಲ್ಲಿ ಬಿದ್ದಿರ್ಲಿ ಅದು, ಆಮೇಲೆ ನೋಡೋಣ' ಎಂದಳು. ಸ್ವತಃ ಅವಳ ಮುಖದ ಮೇಲೆ ಬಟ್ಟೆ ಇರಲಿಲ್ಲ. ಆದರೆ ಅವಳ ಬೀದಿಯ ಹೆಸರನ್ನು ತಾವು ಕೂಗಿರಲಿಲ್ಲವಲ್ಲ, ಹಾಗಾಗಿ ಅವಳಿಗೆ ರೋಗ ತಾಗುವ ಹಾಗಿರಲಿಲ್ಲ.

ನ್ಯಾಯಕ್ಕೆ ಹೇಳಬೇಕು, ನಮ್ಮವರೂ ಏನು ಕಡಿಮೆಯವರಲ್ಲ. ದಿಂಬು ಮಾವ 'ಹತ್ತಿ ಧೂಳು ತಿಂದ ಎದೆ ಇದು, ರೋಗ ಒಳಗೆ ಬಂದ್ರೆ ಅದಕ್ಕೇ ಕೆಮ್ಮು ಬರುತ್ತೆ' ಎಂದು ಎದೆ ತಟ್ಟಿಕೊಂಡು ತಿರುಗುತ್ತಿದ್ದ. ಅವನ ಅಳಿಯ, ಸೂಜಿ ಹಾಕಿಸಿಕೊಂಡವನ ತೋಳಿಗೆ ಚಮಚ ಅಂಟಿಕೊಳ್ಳುವ ವಿಡಿಯೊ ಹಿಡಿದು ಮನೆಮನೆಗೆ ತೋರಿಸಿದ. ಅದನ್ನು ನೋಡಿದ ಮೂವರು ಹೆಂಗಸರು ಚಮಚ ಕಳೆದುಹೋಗುವುದಿಲ್ಲವಲ್ಲ ಎಂದು ಖುಷಿಪಟ್ಟರು. ಮೂರ್ಖತನದಲ್ಲಿ ನಮ್ಮ ಓಣಿ ಊರಿಗೆ ಸರಿಸಮಾನ. ಆ ಒಂದು ವಿಷಯದಲ್ಲಾದರೂ ನಮ್ಮನ್ನು ಹೊರಗಿನವರೆನ್ನಬೇಡಿ.

ನನ್ನ ಚಿಂತೆ ಇದ್ದದ್ದು ಅಜ್ಜಿಯದು. ಅವಳ ಎದೆ ಹಳೆಯ ಗಾದಿಯಂತೆ. ಒತ್ತಿದಲ್ಲೆಲ್ಲ ಗಂಟು, ಉಸಿರೆಳೆದರೆ ಒಳಗೆ ಸಿಳ್ಳೆ. ಹಿಂದಿನ ಬೀದಿಯಲ್ಲಿ ಅಂತಹದೇ ಎದೆಯ ಮುದುಕರೊಬ್ಬರು ಈ ರೋಗಕ್ಕೆ ಬಲಿಯಾದರು. ಅಜ್ಜಿಗೂ ಹಾಗಾದರೆ ಎಂಬ ಭಯದಲ್ಲಿ ನಾನು ಸೂಜಿ ಹಾಕಿಸಿಕೋ ಎಂದು ದಿನವೂ ಗೋಗರೆದೆ. ಅವಳದು ಒಂದೇ ಉತ್ತರ: 'ಮುಖ ಮುಚ್ಕೊಂಡು ಬಂದೋರು ಇನ್ನೂ ಕೆಲಸದಲ್ಲಿದ್ದಾರೆ ಅಂತ ಅರ್ಥ. ಕೆಲಸ ಮುಗಿಸಿ, ಮುಖ ತೋರಿಸಿ, ನನ್ನ ಕೇಳ್ಲಿ. ಕೇಳದೆ ಚುಚ್ಚಿಸ್ಕೊಳ್ಳೋಕೆ ನಾನೇನು ದಿಂಬಾ?'

ಬಂಡೆಗೆ ತಲೆ ಚಚ್ಚಿ ಸಾಕಾಗಿ ಒಂದು ಮಧ್ಯಾಹ್ನ ನಾನು ರೇಗಿಬಿಟ್ಟೆ. 'ಅಜ್ಜೀ, ಅವರ ಕೆಲಸ ಮುಗಿಯೋದಿಲ್ಲ ಕಣೆ! ಊರಿಗೆ ಊರೇ ಹಿಂಜೋ ಕೋಣೆ ಆಗಿದೆ ಅಂದ್ಕೋ. ಎಲ್ಲಾ ಕಡೆ ಹತ್ತಿ ಹಾರ್ತಿದೆ, ಕಣ್ಣಿಗೆ ಕಾಣ್ಸಲ್ಲ ಅಷ್ಟೇ. ಯಂತ್ರ ನಿಲ್ಲಿಸೋಕೆ ಯಾರ ಕೈಲೂ ಆಗ್ತಿಲ್ಲ. ಬಟ್ಟೆ ಇಳಿಸಿದ್ರೆ ಎದುರಿಗಿದ್ದೋರ ಎದೆಗೇ ಹೋಗುತ್ತೆ!'

ಅಜ್ಜಿಯ ಸೂಜಿ ನಿಂತಿತು. ಅರ್ಧ ಹೊಲಿದ ರಜಾಯಿಯನ್ನು ಮಡಿಲಿಂದ ಕೆಳಗಿಟ್ಟಳು. 'ಹಾಗಾದ್ರೆ ಆ ಹುಡುಗಿ ನಮ್ಮನ್ನ ಕೀಳಾಗಿ ಕಾಣ್ಲಿಲ್ಲ?' ಎಂದು ಕೇಳಿದಳು. ಇಲ್ಲ ಎಂದೆ. 'ನಮ್ಮ ಎದೆ ಉಳಿಸೋಕೆ ಮುಖ ಮುಚ್ಕೊಂಡಿದ್ಲಾ?' ಹೌದು ಎಂದೆ. 'ಮುಂಡೇದೇ, ಇದನ್ನ ಮೊದಲೇ ಹೇಳೋಕೆ ನಿನಗೇನು ಬಾಯಿಗೆ ಹೊಲಿಗೆ ಬಿದ್ದಿತ್ತಾ?' ಎಂದು ನನ್ನ ತಲೆಗೊಂದು ಮೊಟಕಿ, ಬಟ್ಟೆಯನ್ನು ಮೂಗಿನ ಮೇಲಕ್ಕೆ ಏರಿಸಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಓಣಿಗಿಳಿದಳು. ಒಂದೊಂದೇ ಕಿಟಕಿಯ ಕೆಳಗೆ ನಿಂತು, 'ಊರಲ್ಲಿ ಹತ್ತಿ ಹಾರ್ತಿದೆಯಂತೆ, ಯಾರೂ ಬಟ್ಟೆ ಇಳಿಸ್ಬೇಡಿ, ಇದ್ರಲ್ಲಿ ಅವಮಾನ ಇಲ್ಲ' ಎಂದಳು. ಅವಳಿಗೆ ತಮ್ಮಂತೆ ಬ್ಯಾಟರಿ ಇಲ್ಲ, ನಡುನಡುವೆ ಕೆಮ್ಮು ಬೇರೆ. ಆದರೂ ಸಂಜೆ ದಿಂಬು ಮಾವ ಹೆಂಡತಿಯೊಡನೆ ಜಗಳವಾಡುವಾಗಲೂ ಬಟ್ಟೆ ಕಟ್ಟಿಕೊಂಡಿದ್ದ. ಬೈಗುಳ ಅರ್ಧಕ್ಕರ್ಧ ಕೇಳಿಸದೆ ಆ ಮನೆಯಲ್ಲಿ ಅಂದು ಬೇಗ ಶಾಂತಿ ನೆಲೆಸಿತು.

ಅದರ ಮರುದಿನವೇ ಅಜ್ಜಿಯನ್ನು ನನ್ನ ಸೈಕಲ್ ಗಾಡಿಯಲ್ಲಿ ಕೂರಿಸಿಕೊಂಡು ಲಸಿಕೆಯ ಕೇಂದ್ರಕ್ಕೆ ಹೋದೆ. ಓಣಿಯ ಹೆಸರು ಕೇಳಿದ ಕಾವಲುಗಾರ ಗೇಟಿನಿಂದ ದೂರ ಸರಿಯಲು ಹೇಳಿ, 'ನಿಮ್ಮವರಿಗೆ ಇಲ್ಲಿಲ್ಲ. ನಿಮ್ಮ ಓಣಿಗೇ ಬಂದು ಹಾಕ್ತಾರೆ' ಎಂದ. ಓಣಿಗೆ ಯಾರೂ ಬರುತ್ತಿಲ್ಲವಲ್ಲ ಎಂದೆ. 'ಹೇಗೆ ಬರ್ತಾರೆ? ಅಲ್ಲಿಗೆ ಹೋಗ್ಬೇಡಿ ಅಂತ ದಿನಾ ಮೈಕಲ್ಲಿ ಹೇಳ್ತಾರಲ್ಲ' ಎಂದ. ಹೇಳಿದ ಮೇಲೆ ಅವನಿಗೂ ತಾನು ಹೇಳಿದ್ದು ವಿಚಿತ್ರವೆನಿಸಿರಬೇಕು, ತಲೆ ಕೆರೆದುಕೊಂಡ. ಆದರೆ ಗೇಟು ತೆರೆಯಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಅಲ್ಪ. ತಾವು ಒಂದೇ ಒಂದು ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ನಮ್ಮ ಓಣಿಯೊಳಗೆ ಬರಬೇಕು. ವ್ಯಾನು ಓಣಿಯಲ್ಲಿ ತೂರದಿದ್ದರೆ ಇಳಿದು ನಡೆದು ಬರಬೇಕು. ಕಾಲುಗಳನ್ನು ಇಲಾಖೆ ಮಂಜೂರು ಮಾಡೀತು. ಒಮ್ಮೆ ಕೂಗಿದ ಮಾತನ್ನು ಗಾಳಿಯಿಂದ ವಾಪಸು ನುಂಗುವ ವಿದ್ಯೆ ತಮಗೆ ತಿಳಿದಿದ್ದರೆ ನಮ್ಮ ಹೆಸರಿರುವ ಆ ಸಾಲನ್ನು ನುಂಗಬೇಕು. ಅದು ಆಗದಿದ್ದರೆ ಅದೇ ಗಂಟಲಿನಲ್ಲಿ, ಅದೇ ಸ್ಪಷ್ಟ ಉಚ್ಚಾರಣೆಯಲ್ಲಿ, ಊರಿಗೆಲ್ಲ ಕೇಳುವಂತೆ ಹೀಗೆ ಕೂಗಬೇಕು: 'ಹತ್ತಿಯವರ ಓಣಿಯ ಕೊನೆಮನೆಯಲ್ಲಿ ಒಬ್ಬ ಅಜ್ಜಿ ಮೂಗಿಗೆ ಬಟ್ಟೆ ಕಟ್ಟಿ, ರವಿಕೆಯ ತೋಳು ಮೇಲಕ್ಕೆ ಮಡಚಿಕೊಂಡು, ದಿನವೂ ಹೊಸ್ತಿಲ ಮೇಲೆ ಕೂತು ಕಾಯುತ್ತಿದ್ದಾರೆ. ಸೂಜಿಯ ಅಕ್ಕ ಮುಖ ಮುಚ್ಚಿಕೊಂಡೇ ಬರಲಿ, ಅವರು ಬೇಸರಪಡುವುದಿಲ್ಲ.'

ಅವಳ ಎದೆಯ ಸಿಳ್ಳೆ ಈ ವಾರ ಸ್ವಲ್ಪ ಜೋರಾಗಿದೆ. ಹತ್ತಿಯದೇ ಇರಬೇಕು ಎಂದುಕೊಂಡಿದ್ದೇವೆ. ದಯವಿಟ್ಟು ತಡ ಮಾಡಬೇಡಿ.

ಇಂತಿ, ಕೇಳಿಸಿಕೊಳ್ಳುವುದನ್ನು ತಮಗಿಂತ ಮೊದಲು ಕಲಿತ,
ತಮ್ಮ ವಿಶ್ವಾಸಿ,
ಹತ್ತಿಯವರ ಓಣಿಯ ಸೈಕಲ್ ಗಾಡಿಯವಳು

ಮರೆತ ಮಾತು: ಈ ಪತ್ರದ ಜೊತೆ ಒಂದು ಪೊಟ್ಟಣವಿದೆ. ತಮ್ಮ ಬಾಯಿಯ ಅಗಲವನ್ನು ಕಿಟಕಿಯಿಂದಲೇ ಕಣ್ಣಳತೆಯಲ್ಲಿ ಹಿಡಿದು ಅಜ್ಜಿ ತಮಗೊಂದು ಮುಖಗವಸು ಹೊಲಿದಿದ್ದಾಳೆ, ಎರಡು ಪದರ ಬಟ್ಟೆ, ನಡುವೆ ಒತ್ತಾಗಿ ತುಂಬಿದ ಹೊಸ ಹತ್ತಿ. ತಾವು ಮಾತಾಡುವಾಗ ಅದನ್ನು ಇಳಿಸುವ ಅಗತ್ಯವಿಲ್ಲ.