ಮೂರನೇ ವರ್ಗದ ಮೂರನೇ ಕಿಡಕಿ

ಸುಮ್ಮನೆ ಪಾಠ ಮಾಡಿಕೊಂಡಿದ್ದರೆ ಶಾಲೆಯಲ್ಲಿ ಏನೂ ಆಗುವುದಿಲ್ಲ. ಏನಾದರೂ ಚೆಂದ ಮಾಡೋಣ ಅಂತ ಎದ್ದಾಗಲೇ ಇಂಥವೆಲ್ಲ ಶುರುವಾಗುತ್ತವೆ. ಗಡಹಿಂಗ್ಲಜ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ನನಗೆ ಮೂರನೇ ವರ್ಗ ಕೊಟ್ಟಿದ್ದರು; ಅಲ್ಲಿ ಟೀಚರಮ್ಮನಿಗೆ ಬಾಯಿ ಅನ್ನುತ್ತಾರೆ. ಕೋಣೆಗೆ ಎರಡೇ ಕಿಡಕಿ. ಹಿಂದಿನ ಸಾಲಿನ ಮಕ್ಕಳಿಗೆ ಬೋರ್ಡು ಸರಿಯಾಗಿ ಕಾಣುತ್ತಿರಲಿಲ್ಲ. ಹೋಳಿ ಮುಗಿದು ಹೊರಗೆಲ್ಲ ಚಿಗುರು ಬಂದಿತ್ತು. ಒಳಗೂ ಒಂದಿಷ್ಟು ಬಣ್ಣ ಬರಲಿ ಅಂದುಕೊಂಡೆ.

ಪಡದೆ

ಒಬ್ಬ ಹುಡುಗಿಯ ಸೋದರಮಾವ ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿದ್ದ. ಅವನು ಕಳಿಸಿದ ಹಳದಿ ಚೌಕುಳಿ ಬಟ್ಟೆಯನ್ನು ಎರಡೂ ಕಿಡಕಿಗೆ ಪಡದೆ ಮಾಡಿ, ಬದಿಗೆ ಸರಿಸಿ ಕಟ್ಟಿದೆ. ಯುಗಾದಿ ಪಾಡ್ಯದ ಮರುದಿನ ಹೆಡ್‌ಮಾಸ್ತರರು ಹೊಸ ಅಂಗಿ ತೊಟ್ಟು ಬಂದರು. ಅದೇ ಹಳದಿ, ಅದೇ ಚೌಕುಳಿ. ಕಿಡಕಿಯ ಪಕ್ಕಕ್ಕೇ ನಿಂತು ಮಗ್ಗಿ ಕೇಳತೊಡಗಿದರು. ಮಕ್ಕಳು ಒಮ್ಮೆ ಪಡದೆ ನೋಡುತ್ತಾರೆ, ಒಮ್ಮೆ ಅವರನ್ನು ನೋಡುತ್ತಾರೆ, ಮಗ್ಗಿ ಮಾತ್ರ ಮುಂದೆ ಹೋಗುವುದಿಲ್ಲ. ಕಡೆಗೆ ಅವರೂ ಹೊರಳಿ ನೋಡಿದರು. ಮಗ್ಗಿ ಅಲ್ಲಿಗೇ ಬಿಟ್ಟು ಹೋದರು.

ಎರಡರಲ್ಲಿ ಒಂದು ಇಳಿಯಲೇಬೇಕಿತ್ತು. ಅವರು ಹಿರಿಯರು, ಹಾಗಾಗಿ ನಾನು ಪಡದೆ ಇಳಿಸಿದೆ.

ತೋಟ

ಎಣ್ಣೆ ಡಬ್ಬಿಗಳಲ್ಲಿ ಗಿಡ ಇಟ್ಟರೆ ಹೇಗೆ ಅಂತ, ಎಲ್ಲರೂ ಮನೆಯಿಂದ ಒಂದೊಂದು ತರಲು ಹೇಳಿದೆ. ಗುಲಾಬಿ, ಚೆಂಡುಹೂವು ಬರುತ್ತವೆ ಅಂತ ನನ್ನ ಲೆಕ್ಕ. ರೈತರ ಮಕ್ಕಳು ಕೊತ್ತಂಬರಿ, ಮೆಂತ್ಯ, ಬಳ್ಳೊಳ್ಳಿ ತಂದರು. ಒಬ್ಬ ಕಬ್ಬು ತಂದಿದ್ದ; ಮೂರನೇ ದಿನ ಅವನೇ ತಿಂದ. ಉಳಿದದ್ದು ಚೆನ್ನಾಗಿಯೇ ಬೆಳೆಯಿತು. ಒಂದು ಸೋಮವಾರ ಬಂದು ನೋಡುತ್ತೇನೆ, ಡಬ್ಬಿಗಳಲ್ಲಿ ಬರೀ ಮಣ್ಣು. ಮಧ್ಯಾಹ್ನದ ಖಿಚಡಿ ಮಾತ್ರ ಘಮಘಮ. ಖಿಚಡಿ ಮಾಡುವ ಮಾವಶಿಯನ್ನು ಕೇಳಿದೆ. ಆಕೆ ಮುಚ್ಚಿಡಲಿಲ್ಲ.

"ಹೌದ್ರಿ ಬಾಯಿ, ನಾನ ಕಿತ್ತೇನಿ. ಆದ್ರ ಹೂವಿನ ಗಿಡ ಒಂದೂ ಮುಟ್ಟಿಲ್ಲ, ಬೇಕಾದ್ರ ನೋಡ್ರಿ."

ಹೂವಿನ ಗಿಡ ಒಂದೂ ಇರಲಿಲ್ಲ.

ಕಿಡಕಿ

ಹಿಂದಿನ ಗೋಡೆ ಪೂರ್ತಿ ಬೋಳು. ಟ್ರ್ಯಾಕ್ಟರ್ ಟ್ರಾಲಿಗಳ ಮೇಲೆ ಹೆಸರು ಬರೆಯುವ ಪೇಂಟರನ ಮಗ ನನ್ನ ವರ್ಗದಲ್ಲಿದ್ದ. ಕಬ್ಬಿನ ಹಂಗಾಮು ಮುಗಿದು ಅಪ್ಪ ಖಾಲಿ ಇದ್ದ. ಕರೆಸಿ, ಒಂದು ಕಿಡಕಿಯ ಚಿತ್ರ ಬರೆಯಲು ಹೇಳಿದೆ. ಚೌಕಟ್ಟು, ಸರಳು, ಆಚೆಗೆ ಆಕಾಶ ಎಲ್ಲ ಬರೆದ. ಟ್ರಾಲಿಯ ರೂಢಿಯ ಮೇಲೆ ಕೆಳಗೆ ಮರಾಠಿಯಲ್ಲಿ 'ಆಯೀಚಾ ಆಶೀರ್ವಾದ', ಅಂದರೆ ತಾಯಿಯ ಆಶೀರ್ವಾದ, ಅಂತಲೂ ಬರೆದ. ಇರಲಿ ಅಂತ ಬಿಟ್ಟೆ.

ಆ ವಾರವೇ ತಪಾಸಣೆಗೆ ಶಿಕ್ಷಣ ಖಾತೆಯ ಸಾಹೇಬರು ಬಂದರು. ಅವಸರದಲ್ಲಿದ್ದರು. ಬಾಗಿಲಲ್ಲೇ ನಿಂತು ಒಳಗೆ ಕಣ್ಣಾಡಿಸಿ, ಕಿಡಕಿ ಮೂರು ಅಂತ ಬರೆದುಕೊಂಡು ಹೋದರು.

ತಿಂಗಳೊಳಗೆ ಮೇಲಿನಿಂದ ಪತ್ರ ಬಂತು. ಶಾಲೆಯ ದಾಖಲೆಯಲ್ಲಿ ಕಿಡಕಿ ಎರಡು, ಸಾಹೇಬರ ವರದಿಯಲ್ಲಿ ಮೂರು, ಯಾಕೆ ಈ ಫರಕು ಅಂತ ಖುಲಾಸೆ ಕೊಡಿ. ಹೆಡ್‌ಮಾಸ್ತರರು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಚಿತ್ರ ಅಂತ ಬರೆದರೆ ಸಾಹೇಬರ ಮರ್ಯಾದೆ ಹೋಗುತ್ತದೆ, ಮೂರು ಅಂತ ಬರೆದರೆ ಸುಳ್ಳಾಗುತ್ತದೆ. ಚಿತ್ರ ಬರೆಸಿದವಳು ನಾನೇ. ಮೂರನೇ ದಿನ ಅವರು ಶಾಲಾ ಸಮಿತಿಯವರನ್ನು ಕರೆದು ಅಂದರು: "ಗ್ವಾಡಿ ಒಡಸೂಣ."

ಗೌಂಡಿ ಬಂದ. ಚಿತ್ರ ಇದ್ದ ಜಾಗದಲ್ಲೇ ಖರೇ ಕಿಡಕಿ ಕೂತಿತು. ಹಿಂದಿನ ಸಾಲಿಗೆ ಮೊದಲ ಸಲ ಬೆಳಕು ಬಿತ್ತು. ಗೋಡೆಯ ಆಚೆ ಪಕ್ಕದ ಮನೆಯವರ ದನದ ಕೊಟ್ಟಿಗೆ ಇತ್ತು ಅನ್ನುವುದೂ ಆಗಲೇ ಗೊತ್ತಾದದ್ದು.

ಅಷ್ಟರಲ್ಲಿ ಗೋಡೆಯ ಮೇಲಿನ ಚಿತ್ರದ ಸುದ್ದಿ ಯಾರೋ ಸಾಹೇಬರ ಕಿವಿಗೆ ಹಾಕಿದ್ದರು. ಅದನ್ನು ಒಡೆಸಿದ ಸುದ್ದಿ ಮಾತ್ರ ಯಾರೂ ಹೇಳಿರಲಿಲ್ಲ. ಅವರು ತಿರುಗಿ ಬಂದಾಗ ಕಿಡಕಿಯ ಸರಳಿಗೆ ಮೂತಿ ಹಚ್ಚಿಕೊಂಡು ಒಂದು ಎಮ್ಮೆ ಅಲುಗಾಡದೆ ನಿಂತಿತ್ತು. ಸಾಹೇಬರು ನನ್ನ ಕಡೆ ನೋಡಿ ನಕ್ಕರು.

"ಈ ಸಲ ನಾ ಮೋಸ ಹೋಗಂಗಿಲ್ರಿ ಬಾಯಿ. ಆದ್ರ ನಿಮ್ಮ ಪೇಂಟರ್ ಭಾಳ ಹುಷಾರ್ ಅದಾನ. ಎಮ್ಮಿ ಖರೇ ಎಮ್ಮಿಗತೆ ಬಂದೈತಿ."

ನಾನು ಬ್ಯಾಡ್ರಿ ಅನ್ನುವಷ್ಟರಲ್ಲಿ ಹೋಗಿ ಅದರ ಮೂಗಿನ ಮೇಲೆ ಕೈ ಇಟ್ಟೇಬಿಟ್ಟರು. ಎಮ್ಮೆ ಮೊಣಕೈತನಕ ನೆಕ್ಕಿತು. ಮಕ್ಕಳು ನಗಲಿಲ್ಲ, ಪುಸ್ತಕದಲ್ಲಿ ಮುಖ ಹುಗಿದುಕೊಂಡರು.

ಸಾಹೇಬರು ಕೈ ತೊಳೆದು ಬಂದು, ತಪಾಸಣೆಯ ಅಭಿಪ್ರಾಯ ಬರೆಯುವ ಶೆರಾ ಪುಸ್ತಕ ತರಿಸಿ ಬರೆದರು: "ವರ್ಗಕ್ಕೆ ಕಿಡಕಿಗಳು ಮೂರು. ಖುದ್ದಾಗಿ ಮುಟ್ಟಿ ಖಾತ್ರಿ ಮಾಡಿಕೊಳ್ಳಲಾಗಿದೆ."