ಸಂಜೆ ಐದರೊಳಗೆ ವೆಬ್‌ಸೈಟು

ಬೆಳಿಗ್ಗೆ ಶಾಲೆಯ ಹೆಡ್‌ಮಾಸ್ಟರು ಟೈಲರನಿಗೆ ಫೋನ್ ಮಾಡಿದರು. ಇನ್ನೂರು ಮಕ್ಕಳ ಸಮವಸ್ತ್ರದ ವಿಷಯ, ಸಂಜೆ ಐದಕ್ಕೆ ಕಮಿಟಿ ಕೂರುತ್ತದೆ, ಅಷ್ಟರೊಳಗೆ ನಿಮ್ಮ ವೆಬ್‌ಸೈಟಿನ ವಿಳಾಸ ಕಳಿಸಿ ಅಂದರು. ವೆಬ್‌ಸೈಟು ಹಾಗಿರಲಿ, ಅವನ ಅಂಗಡಿಗೆ ನೆಟ್ಟಗೊಂದು ಬೋರ್ಡೂ ಇರಲಿಲ್ಲ. ಇದ್ದ ಎರಡು ಮೆಷಿನ್‌ಗಳಲ್ಲಿ ಒಂದು ಕೆಲಸವಿಲ್ಲದೆ ಮುಸುಕು ಹೊದ್ದು ಮಲಗಿ ಆರು ತಿಂಗಳಾಗಿತ್ತು. ಈ ಕೆಲಸ ತಪ್ಪಿದರೆ ಇನ್ನೊಂದೂ ಮಲಗುವುದು ಖಾತ್ರಿ.

ಪಕ್ಕದ ಸಲೂನಿನವನಿಗೆ ಹೇಳಿದ್ದೇ ತಪ್ಪಾಯಿತು. ಅವನು ಎದುರಿನ ಔಷಧಿ ಅಂಗಡಿಯವನನ್ನೂ ಎಳೆದುಕೊಂಡು ಬಂದ. ಕಂಡಕಂಡವರಿಗೆ ಒಪ್ಪಿಸುವುದು ಬೇಡ, ಆರಿಸಲು ನಾವಿದ್ದೇವೆ ಎಂದು ಇಬ್ಬರೂ ಬಟ್ಟೆ ಕತ್ತರಿಸುವ ಮೇಜಿನ ಹಿಂದೆ ನ್ಯಾಯಾಧೀಶರಂತೆ ಕೂತರು. ಮೂವರು ವೆಬ್ ಡಿಸೈನರುಗಳಿಗೆ ಫೋನ್ ಹೋಯಿತು.

ಮೊದಲನೆಯವನು ಲ್ಯಾಪ್‌ಟಾಪ್ ತೆರೆದು ತಾನು ಮಾಡಿದ ಹತ್ತು ಸೈಟು ತೋರಿಸಿದ. ಟೈಲರ್ ಅದನ್ನು ನೋಡಲಿಲ್ಲ, ಅವನ ಪ್ಯಾಂಟಿನ ಅಂಚು ನೋಡಿದ.

"ಹೊಲಿಗೆ ಬಿಚ್ಚಿ ವಾರ ಆಗಿದೆ. ತನ್ನ ಪ್ಯಾಂಟೇ ನೋಡ್ಕೊಳ್ದೋನು ನನ್ನ ಅಂಗಡಿ ನೋಡ್ಕೋತಾನಾ?"

ಎರಡನೆಯವನನ್ನು ಸಲೂನಿನವನು ಬಾಗಿಲಲ್ಲೇ ತಿರಸ್ಕರಿಸಿದ. "ಇಂಥಾ ಕಟಿಂಗ್ ಮಾಡಿಸ್ಕೊಂಡು, ಕನ್ನಡಿ ನೋಡಿ ಸುಮ್ನಿದ್ದಾನೆ. ಇವನಿಗೆ ಯಾವ ಡಿಸೈನ್ ಗೊತ್ತಾಗುತ್ತೆ?"

ಮೂರನೆಯವನು ಮಾತು ಶುರುಮಾಡುವ ಮೊದಲೇ ಕೆಮ್ಮಿದ. ಔಷಧಿ ಅಂಗಡಿಯವನು ಎಷ್ಟು ದಿನದಿಂದ ಎಂದು ವಿಚಾರಿಸಿ, ಒಂದು ಸಿರಪ್ ಮಾರಿ, ಇವರಿಗೆ ಬೇಕಾದ್ದು ಕೆಲಸವಲ್ಲ, ವಿಶ್ರಾಂತಿ ಎಂದು ಮನೆಗೆ ಕಳಿಸಿದ.

ಗಂಟೆ ನಾಲ್ಕಾಯಿತು. ಟೀ ತಂದ ಟೈಲರನ ಹೆಂಡತಿ ಮೂವರನ್ನೂ ಒಮ್ಮೆ ನೋಡಿದಳು.

"ಅಳಿಯನ್ನ ಆರಿಸ್ತಿದ್ದೀರಾ? ನಮಗೆ ಮಗಳೇ ಇಲ್ವಲ್ರೀ."

ಅಷ್ಟರಲ್ಲಿ ಒಬ್ಬಳು ಹೆಂಗಸು ಬಂದು, ಬ್ಯಾಗಿನ ಜಿಪ್ ಕಿತ್ತುಹೋಗಿದೆ, ಈಗಲೇ ಹಾಕಿಕೊಡಿ ಅಂದಳು. ಬ್ಯಾಗು ಖಾಲಿ ಮಾಡುವಾಗ ಒಳಗಿನಿಂದ ಲ್ಯಾಪ್‌ಟಾಪ್ ಬಂತು. ಟೈಲರ್ ಸುಮ್ಮನೆ ಕೇಳಿದ. ವೆಬ್‌ಸೈಟ್ ಮಾಡುವುದೇ ಅವಳ ಕೆಲಸವಂತೆ. ಮೇಜಿನ ಹಿಂದಿನ ಕಮಿಟಿ ಅವಳ ಬಟ್ಟೆಯ ಅಂಚು, ಕೂದಲು, ಉಸಿರು ಮೂರನ್ನೂ ಪರೀಕ್ಷಿಸಿತು. ತಪ್ಪು ಸಿಗಲಿಲ್ಲ. ಟೈಲರ್ ಜಿಪ್ ಕೂರಿಸುತ್ತಿದ್ದಾಗ ಅವಳು ಸ್ಟೂಲಿನ ಮೇಲೆ ಕೂತು ನಾಲ್ಕು ಪ್ರಶ್ನೆ ಕೇಳಿದಳು, ಮೆಷಿನ್ ಮೇಲಿದ್ದ ಅವನ ಕೈಗಳ ಫೋಟೋ ತೆಗೆದಳು. ಐದಕ್ಕೆ ಹತ್ತು ನಿಮಿಷವಿದ್ದಾಗ ಜಿಪ್ಪೂ ಓಡಿತು, ವೆಬ್‌ಸೈಟೂ ತೆರೆಯಿತು, ಅದರ ವಿಳಾಸ ಹೆಡ್‌ಮಾಸ್ಟರಿಗೂ ಹೋಯಿತು. ತನ್ನ ಕೈಗಳು ಇಷ್ಟು ಚೆನ್ನಾಗಿವೆ ಎಂದು ಟೈಲರನಿಗೆ ಅವತ್ತೇ ತಿಳಿದದ್ದು.

ಐದೂವರೆಗೆ ಹೆಡ್‌ಮಾಸ್ಟರ ಫೋನು ಬಂತು. ಅಳತೆ ಬರೆದುಕೊಳ್ಳಲು ಟೈಲರ್ ಪೆನ್ಸಿಲ್ ಹಿಡಿದು ನಿಂತ.

"ನಿಮ್ಮ ವೆಬ್‌ಸೈಟು ಕಮಿಟಿಯವರಿಗೆಲ್ಲ ತುಂಬಾ ಹಿಡಿಸ್ತು ಕಣ್ರೀ. ಮಾಡಿದ್ದು ಯಾರು? ನಂಬರ್ ಕೊಡಿ. ಶಾಲೆಗೂ ಒಂದು ಮಾಡಿಸ್ತೀವಿ. ಅಪ್ಪ ಅಮ್ಮ ಅದರಲ್ಲಿ ಸೈಜ್ ಒತ್ತಿದ್ರೆ ಸಾಕು, ರೆಡಿಮೇಡ್ ಯೂನಿಫಾರ್ಮ್ ಮನೆಗೇ ಹೋಗುತ್ತೆ. ಹೊಲಿಸೋ ತಾಪತ್ರಯವೇ ಇಲ್ಲ."

ಟೈಲರ್ ಒಂದೊಂದೇ ಅಂಕಿ ಬಿಡಿಸಿ ನಂಬರ್ ಹೇಳಿದ. ತಪ್ಪಾಗಬಾರದೆಂದು ಇನ್ನೊಮ್ಮೆ ಹೇಳಿ ಫೋನ್ ಇಟ್ಟ.

"ಏನಂತೆ?" ಔಷಧಿ ಅಂಗಡಿಯವನು ಕೇಳಿದ.

"ತುಂಬಾ ಹಿಡಿಸ್ತಂತೆ."

ಸಲೂನಿನವನು ಎದ್ದು ಟೈಲರನ ಬೆನ್ನು ತಟ್ಟಿದ. "ಮತ್ತೆ? ಆರಿಸಿದ್ದು ಯಾರು ಹೇಳು!"