ನಿಂಬೆ ಸಸಿಯ ಚಳಿಗಾಲದ ಉಸ್ತುವಾರಿ

ಈ ಚಳಿಗಾಲ ನಾನೊಂದು ಮಹಾಪ್ರತಿಜ್ಞೆ ಮಾಡಿದೆ. ಹಿತ್ತಲಲ್ಲಿ ಹೊಸದಾಗಿ ನೆಟ್ಟ ನಿಂಬೆ ಸಸಿಯ ಸಮಸ್ತ ಉಸ್ತುವಾರಿ ನನ್ನ ಗಂಡನದು. ನಾನು ಕೈ ಹಾಕುವುದಿಲ್ಲ, ಬಾಯಿಯನ್ನೂ ಹಾಕುವುದಿಲ್ಲ! ಹಾಲಿನ ಪಾತ್ರೆಯಿಂದ ಅತ್ತೆಯ ಮಾತ್ರೆಯವರೆಗೆ ಈ ಮನೆಯ ಸಕಲವೂ ನನ್ನ ತಲೆಯೊಳಗೇ ಬಿಡಾರ ಹೂಡಿದೆ. ಒಂದು ಸಸಿಯಾದರೂ ಬೇರೆಯವರ ತಲೆಯಲ್ಲಿ ಬೇರು ಬಿಡಲಿ!

"ಸಂಜೆ ಹೊದಿಸ್ಬೇಕು, ಬೆಳಿಗ್ಗೆ ತೆಗೀಬೇಕು. ಇಲ್ಲಾಂದ್ರೆ ಹಿಮಕ್ಕೆ ಸುಟ್ಟುಹೋಗುತ್ತೆ ರೀ."

"ಇಷ್ಟೇನಾ?" ಎಂದರು. ಆ 'ಇಷ್ಟೇನಾ' ಕೇಳಿಯೇ ನನಗೆ ಸಸಿಯ ಆಯಸ್ಸಿನ ಬಗ್ಗೆ ಅನುಮಾನ ಬಂತು.

ಆದರೆ ಪುಣ್ಯಾತ್ಮರು ಮರೆಯಲಿಲ್ಲ! ಆಫೀಸಿನಿಂದ ಬಂದವರೇ, ಶೂ ಕೂಡ ಬಿಚ್ಚದೆ, ಸುತ್ತ ನಾಲ್ಕು ಕೋಲು ಊರಿ ಹಳೆಯ ಬೆಡ್‌ಶೀಟ್ ಹೊದಿಸಿದರು. ಅಡುಗೆಮನೆ ಕಿಟಕಿಯಿಂದ ನೋಡಿದೆ. ಅಯ್ಯೋ! ಅಣ್ಣನ ಅಂಗಿ ತೊಟ್ಟ ತಮ್ಮನಂತೆ ಎಲ್ಲ ಕಡೆ ಸಡಿಲ. ಒಳಗೆ ಸಸಿ ವಾಕಿಂಗ್ ಹೋಗಬಹುದಿತ್ತು!

"ಹೇಗಿದೆ?"

"ಚೆನ್ನಾಗಿದೆ," ಎಂದೆ. ಪ್ರತಿಜ್ಞೆ ಎಂದರೆ ಪ್ರತಿಜ್ಞೆ. ಅದು ಪೂರ್ತಿ ಅರ್ಧ ಗಂಟೆ ಬಾಳಿತು.

ಅವರು ಟೀವಿ ಮುಂದೆ ಕೂತದ್ದೇ ತಡ, ಕಸ ಹಾಕುವ ನೆಪದಲ್ಲಿ ಹಿತ್ತಲಿಗೆ ನುಗ್ಗಿದೆ. ಕೋಲು ಕಿತ್ತೆ. ಸಸಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿದೆ, ಮೇಲೆ ಬೆಡ್‌ಶೀಟ್, ಅದರ ಮೇಲೆ ಹಗ್ಗ, ಮೂರು ಗಂಟು. ಬೆಳಿಗ್ಗೆ ಅವರು ಏಳುವ ಮೊದಲೇ ಎದ್ದು, ನನ್ನದನ್ನೆಲ್ಲ ಬಿಚ್ಚಿ, ಅವರ ಸಡಿಲವನ್ನು ಅಷ್ಟೇ ಸಡಿಲವಾಗಿ ಮತ್ತೆ ನಿಲ್ಲಿಸಿದೆ. ಹೀಗೇ ದಿನವೂ. ಕೆಲಸ ಹಂಚಿಕೊಂಡ ಪುಣ್ಯಕ್ಕೆ ನನಗೆ ಎರಡು ಪಾಳಿ ಹೆಚ್ಚಾಯಿತು!

ಎಂಟನೇ ದಿನ ಎಲೆಗಳು ಕಪ್ಪಾದವು. ಗಂಡನ ಮುಖ ಅದಕ್ಕಿಂತ ಕಪ್ಪಾಯಿತು. ಸಂಜೆ ನರ್ಸರಿಯಾಕೆಯನ್ನೇ ಕರೆತಂದರು.

"ನಾನೇನು ತಪ್ಪು ಮಾಡ್ದೆ, ಹೇಳಿ. ಕೋಲು ಊರಿ, ಎಲೆಗೆ ತಾಗದ ಹಾಗೆ ಬಟ್ಟೆ ಹೊದಿಸ್ತೀನಿ."

"ಅದು ಸರಿಯಾಗೇ ಇದೆಯಲ್ಲ! ಒಳಗೆ ಗಾಳಿ ಇರ್ಬೇಕು. ಮತ್ತೆ ಇದೇನು?" ಆಕೆ ಸಸಿಯ ಮುಳ್ಳಿಗೆ ಸಿಕ್ಕಿದ್ದ ಪ್ಲಾಸ್ಟಿಕ್ ಚೂರೊಂದನ್ನು ಎಳೆದಳು. "ಎಲೆಗೆ ಇದನ್ನ ಅಂಟಿಸಿ ಕಟ್ಟಿದ್ರೆ ಸುಡದೇ ಇನ್ನೇನು?"

ಬಾಗಿಲಲ್ಲಿದ್ದ ಅತ್ತೆಯೂ ಸೇರಿ ಮೂವರೂ ನನ್ನನ್ನೇ ನೋಡಿದರು.

"ಸ್ವಲ್ಪ... ಬಿಗಿ ಮಾಡ್ದೆ."

"ಎಷ್ಟು ದಿನದಿಂದ?" ಗಂಡ ಕೇಳಿದರು.

"ಎಂಟು."

"ನಾನು ಕಟ್ಟೋಕೆ ಶುರು ಮಾಡಿ ಎಷ್ಟು ದಿನ ಆಯ್ತು?"

"...ಎಂಟು."

"ಹೊಸ ಚಿಗುರು ಬರುತ್ತೆ, ಹೆದರ್ಬೇಡಿ," ಎಂದು ನರ್ಸರಿಯಾಕೆ ನಗು ನುಂಗಿಕೊಂಡು ಹೊರಟಳು.

ಗಂಡ ಬೆಡ್‌ಶೀಟನ್ನು ನನ್ನ ಕೈಗೆ ತುರುಕಿದರು. "ಹಾಗಾದ್ರೆ ನೀನೇ ನೋಡ್ಕೋ!"

ಮುಗಿಯಿತು! ಸಸಿಯೂ ನನ್ನ ತಲೆಗೇ ಬಂತು ಎಂದುಕೊಂಡೆ. ಅಷ್ಟರಲ್ಲಿ ಅತ್ತೆ ಗುಡುಗಿದರು.

"ಏಯ್, ಅದನ್ನ ವಾಪಸ್ ತಗೊಳ್ಳೋ! ನಿಮ್ಮಪ್ಪ ಮಡಚಿದ ಬಟ್ಟೆನೆಲ್ಲ ನಾನು ಬಿಚ್ಚಿ ಮಡಚ್ತಿದ್ದೆ. ಆಮೇಲೆ ಮೂವತ್ತು ವರ್ಷ ಅವರು ಒಂದು ಕರ್ಚೀಫೂ ಮಡಚ್ಲಿಲ್ಲ. ಹೋಗು, ನೀನೇ ಕಟ್ಟು! ನೀನು ಒಳಗೆ ಬಾರೇ, ಕೂತ್ಕೋ."

ಕೂತೆ. ಕೈಗಳು ತಾವಾಗಿಯೇ ಎದ್ದು ಹೋಗದಂತೆ ಎರಡನ್ನೂ ತೊಡೆಯ ಕೆಳಗೆ ಒತ್ತಿಕೊಂಡು ಕೂತೆ. ಕಿಟಕಿಯಾಚೆ ಗಂಡ ಕೋಲು ಊರುತ್ತಿದ್ದರು.

"ಅತ್ತೆ, ಆ ಬಲಗಡೆ ಕೋಲು ವಾಲಿದೆ..."

"ಕಣ್ಣೂ ಮುಚ್ಕೋ!"